ಅಂಗೈ ಮೇಲಿನ ಕಾರಿಗೆ ಇಪ್ಪತ್ತೆರಡು ಸಾವಿರ ಕೊಡುವ ಮುನ್ನ

ಕಳೆದ ಮಳೆಗಾಲಕ್ಕೆ ಸ್ವಲ್ಪ ಮೊದಲು ಬಂಟ್ವಾಳದ ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ಪರಿಚಯದ ಹುಡುಗನೊಬ್ಬ ಸಿಕ್ಕಿದ. ಬೆಳ್ತಂಗಡಿ ಕಡೆಯವನು, ಮೂಡುಬಿದಿರೆಯಲ್ಲಿ ಕೆಲಸ. ಕುಶಲ ಕೇಳುವಷ್ಟರಲ್ಲಿ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದ. ಜರ್ಮನಿಯ ಹಳೆಯ ರೇಸ್ ಕಾರೊಂದರ ಡೈಕಾಸ್ಟ್, ಅಂದರೆ ಲೋಹದ ಎರಕದ ಮಾದರಿ, 1:18 ಅಳತೆಯದ್ದು. ಬಾಗಿಲು ತೆರೆಯುತ್ತದೆ, ಬಾನೆಟ್ ಎತ್ತಿದರೆ ಎಂಜಿನ್ನಿನ ವಯರುಗಳೂ ಕಾಣುತ್ತವೆ.

"ಅಣ್ಣ, ಇಪ್ಪತ್ತೆರಡು ಸಾವಿರ ಹೇಳ್ತಾರೆ. ನಾಳೆ ಸಂಜೆಯೊಳಗೆ ಅಡ್ವಾನ್ಸ್ ಹಾಕದಿದ್ರೆ ಬೇರೆಯವರಿಗೆ ಕೊಡ್ತಾರಂತೆ. ತೆಗೊಳ್ಳಬಹುದಾ?"

"ನಿನಗೆ ಅದು ಯಾಕೆ ಬೇಕು?"

"ಮುಂದೆ ರೇಟ್ ಜಾಸ್ತಿ ಆಗ್ತದಲ್ಲ ಅಣ್ಣ."

ಅವನು ಬೇರೆ ಯಾವ ಉತ್ತರ ಕೊಟ್ಟಿದ್ದರೂ ನಾನು ಹೂಂ ಅನ್ನುತ್ತಿದ್ದೆನೋ ಏನೋ. ಈ ಉತ್ತರಕ್ಕೆ ಮಾತ್ರ ಬೇಡ ಅಂದೆ. ವರ್ಷಗಟ್ಟಲೆ ಇಂಥ ಪುಟ್ಟ ಕಾರುಗಳನ್ನು ಕೂಡಿಡುತ್ತ ಬಂದವನಾಗಿ ನನಗೆ ಖಚಿತವಾಗಿರುವ ಸಂಗತಿ ಒಂದೇ. ದುಬಾರಿ ಮಾದರಿಯೊಂದನ್ನು ಆಸೆಪಟ್ಟು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅದನ್ನು ಹೂಡಿಕೆ ಎಂದು ಮನೆಯವರಿಗೆ ಹೇಳುವುದು, ತನಗೂ ಹೇಳಿಕೊಳ್ಳುವುದು ತಪ್ಪು. ಆ ಒಂದು ಮಾತು ಮುಂದೆ ಹತ್ತು ತಪ್ಪು ಖರೀದಿಗೆ ದಾರಿ ಮಾಡುತ್ತದೆ.

ಇದನ್ನು ನಮ್ಮ ಊರಿನವರಿಗೆ ಅಡಿಕೆಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಹೊಸ ಚಾಲಿ ಅಡಿಕೆಗಿಂತ ಹಳೆ ಚಾಲಿಗೆ ದರ ಜಾಸ್ತಿ. ಹಾಗಾಗಿ ತಾಳ್ಮೆ ಇದ್ದವರು ಗೋಣಿಯಲ್ಲಿ ಕಟ್ಟಿಟ್ಟು ಕಾಯುತ್ತಾರೆ. ಕಾಯುವ ಧೈರ್ಯ ಎಲ್ಲಿಂದ ಬರುತ್ತದೆ? ಇವತ್ತಿನ ದರ ಇವತ್ತೇ ಗೊತ್ತಾಗುತ್ತದೆ, ಮನಸ್ಸು ಬಂದ ದಿನ ಗೋಣಿಯನ್ನು ಪೇಟೆಗೆ ಒಯ್ದರೆ ತೂಗಿ ದುಡ್ಡು ಕೊಡುವವರಿದ್ದಾರೆ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದೇ ಬೆಳೆಗಾರನಿಗೆ ಆ ಭರವಸೆ ಬೇಕೆಂದು. ಡೈಕಾಸ್ಟ್ ಕಾರಿಗೆ ಅಂಥ ಪೇಟೆ ಇಲ್ಲ. ಇಪ್ಪತ್ತೆರಡು ಸಾವಿರ ಕೊಟ್ಟು ತಂದ ಮಾದರಿಯನ್ನು ಮಗಳ ಕಾಲೇಜು ಫೀಸಿಗೆಂದು ನಾಳೆ ಬೆಳಿಗ್ಗೆ ಬಂಟ್ವಾಳ ಪೇಟೆಯಲ್ಲಿ ಮಾರಲು ಹೊರಟರೆ ಯಾರು ಕೊಳ್ಳುತ್ತಾರೆ? ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಒಬ್ಬ ಆಸಕ್ತ ಸಿಗಬೇಕು. ಅವನು ಹದಿನೈದು ಚಿತ್ರ ಕೇಳುತ್ತಾನೆ, ವಾರಗಟ್ಟಲೆ ಯೋಚಿಸುತ್ತಾನೆ, ಕೊನೆಗೆ ಅರ್ಧಕ್ಕೆ ಕೇಳುತ್ತಾನೆ. ಕೊಳ್ಳುವಾಗ ಇದ್ದ ಅವಸರ ಮಾರುವಾಗ ಎದುರಿನವನಿಗೆ ಇರುವುದಿಲ್ಲ.

ಬೆಲೆಯ ವಿಷಯದಲ್ಲಿ ಇನ್ನೊಂದು ಭ್ರಮೆಯಿದೆ. ಜಾಲತಾಣಗಳಲ್ಲಿ ಕಾಣುವುದು ಮಾರುವವನು ಕೇಳುವ ಬೆಲೆ. ಅದು ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬುದೇ ಬೇರೆ. ಇಬೇಯಂಥ ತಾಣದಲ್ಲಿ ಈಗಾಗಲೇ ಮಾರಾಟವಾದ ವಸ್ತುಗಳನ್ನಷ್ಟೇ ತೋರಿಸುವ ಆಯ್ಕೆಯಿದೆ. ಅದನ್ನು ಒತ್ತಿ, ಅದೇ ಮಾದರಿ, ಅದೇ ಬಣ್ಣ, ಅದೇ ಸ್ಥಿತಿಯ ನಾಲ್ಕೈದು ಮಾರಾಟಗಳನ್ನು ಬರೆದುಕೊಳ್ಳಿ. ಹತ್ತು ನಿಮಿಷದ ಈ ಕೆಲಸ ಎಷ್ಟೋ ಸಾವಿರ ಉಳಿಸುತ್ತದೆ.

ಅಪರೂಪ ಅಂದರೆ ಯಾವುದು

'ಅಪರೂಪ' ಎಂಬ ಮಾತನ್ನು ಮಾರುವವರೆಲ್ಲ ಬಳಸುತ್ತಾರೆ. ಆದ್ದರಿಂದ ಈ ಕಾರುಗಳ ವಂಶಾವಳಿಯನ್ನು ಸ್ವಲ್ಪವಾದರೂ ತಿಳಿದಿರುವುದು ಒಳ್ಳೆಯದು.

ಲಿವರ್‌ಪೂಲಿನ ಮೆಕ್ಯಾನೋ ಕಂಪನಿ ಆಟದ ರೈಲುಗಳ ಜೊತೆಗಿಡಲು ಪುಟ್ಟ ಗಾಡಿಗಳನ್ನು ಮಾಡತೊಡಗಿ, 1934ರಲ್ಲಿ ಅವಕ್ಕೆ ಡಿಂಕಿ ಟಾಯ್ಸ್ ಎಂದು ಹೆಸರಿಟ್ಟಿತು. 1:43 ಎಂಬ ವಿಚಿತ್ರ ಅಳತೆ ಬಂದದ್ದೂ ರೈಲಿನ ಆ ಲೆಕ್ಕದಿಂದಲೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಲೆಸ್ನಿ ಎಂಬ ಎರಕದ ಕಂಪನಿ ಹುಟ್ಟಿತು. ಅದರ ಪಾಲುದಾರ ಜಾಕ್ ಓಡೆಲ್‌ನ ಮಗಳ ಶಾಲೆಯಲ್ಲಿ ಬೆಂಕಿಪೆಟ್ಟಿಗೆಯೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದು ಎಂಬ ನಿಯಮವಿತ್ತಂತೆ. ಅಪ್ಪ ಅಷ್ಟೇ ಗಾತ್ರದ ರೋಡ್ ರೋಲರ್ ಮಾಡಿಕೊಟ್ಟ. 1953ರಲ್ಲಿ ಮ್ಯಾಚ್‌ಬಾಕ್ಸ್ ಎಂಬ ಹೆಸರು ಹಾಗೆ ಹುಟ್ಟಿತು. 1956ರಲ್ಲಿ ಬಂದ ಕಾರ್ಗಿ, ಕಾರಿಗೆ ಪ್ಲಾಸ್ಟಿಕ್ಕಿನ ಕಿಟಕಿ ಗಾಜು ಹಾಕಿ ಡಿಂಕಿಯನ್ನು ಹಿಂದಿಕ್ಕಿತು. ಅಮೆರಿಕದ ಮ್ಯಾಟೆಲ್ ಹಾಟ್ ವೀಲ್ಸ್ ಬಿಟ್ಟದ್ದು 1968ರಲ್ಲಿ.

ಇವುಗಳಲ್ಲಿ ಕೆಲವು ನಿಜಕ್ಕೂ ಅಪರೂಪವಾದದ್ದು ಯಾರೂ ಯೋಜಿಸದೇ ಇದ್ದುದರಿಂದ. 1969ರ ಹಾಟ್ ವೀಲ್ಸ್ ಫೋಕ್ಸ್‌ವ್ಯಾಗನ್ ಬೀಚ್ ಬಾಂಬ್ ಎಂಬ ವ್ಯಾನನ್ನೇ ನೋಡಿ. ಮೊದಲ ವಿನ್ಯಾಸದಲ್ಲಿ ಸರ್ಫಿಂಗ್ ಹಲಗೆಗಳು ಹಿಂದಿನ ಕಿಟಕಿಯಿಂದ ಹೊರಚಾಚಿದ್ದವು. ಗಾಡಿ ಕಿರಿದಾಯಿತು, ಆಟದ ರಸ್ತೆಯ ಯಂತ್ರ ಅದನ್ನು ಮುಂದೆ ತಳ್ಳಲಿಲ್ಲ. ಹಲಗೆಗಳನ್ನು ಪಕ್ಕಕ್ಕೆ ಸರಿಸಿ ಅಗಲ ಮಾಡಿದ ಮೇಲೆಯೇ ಅದು ಅಂಗಡಿಗೆ ಬಂತು. ಕೈಬಿಟ್ಟ ಆ ಮೊದಲ ವಿನ್ಯಾಸದ ಗುಲಾಬಿ ಬಣ್ಣದ ಒಂದನ್ನು ಬ್ರೂಸ್ ಪಾಸ್ಕಲ್ ಎಂಬ ಸಂಗ್ರಾಹಕರು ಸುಮಾರು 72,000 ಡಾಲರ್ ಕೊಟ್ಟು ಕೊಂಡರೆಂಬುದು ಈ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಈ ಕತೆ ಓದಿದವರೆಲ್ಲ ತಮ್ಮ ಕೈಯಲ್ಲಿರುವುದಕ್ಕೂ ಅಂಥ ದಿನ ಬರಬಹುದೆಂದು ಕನಸು ಕಾಣುತ್ತಾರೆ. ಅಂಗಡಿಗೇ ಬಾರದ ವಸ್ತುವಿನ ಕತೆ ಅದು. ಅಂಗಡಿಯ ಕೊಕ್ಕೆಯಲ್ಲಿ ನೇತಾಡುತ್ತಿರುವುದಕ್ಕೆ ಅದನ್ನು ಅನ್ವಯಿಸಲಾಗದು.

ಇನ್ನು ಕಂಪನಿಯೇ ಹುಟ್ಟಿಸುವ ಅಪರೂಪ. ಹಾಟ್ ವೀಲ್ಸ್ 1995ರಲ್ಲಿ ಟ್ರೆಷರ್ ಹಂಟ್ ಎಂದು 12 ಮಾದರಿಗಳನ್ನು ತಲಾ 10,000 ಮಾತ್ರ ಮಾಡಿತು. 2007ರಿಂದ ಅದರಲ್ಲೇ ಎರಡು ದರ್ಜೆ ಮಾಡಿ, ಮೇಲ್ದರ್ಜೆಯದಕ್ಕೆ ಲೋಹದ ಹೊಳಪಿನ ಬಣ್ಣ ಮತ್ತು ರಬ್ಬರ್ ಟಯರ್ ಕೊಟ್ಟಿತು. ಈಗ 'ಸೂಪರ್' ಎಂದು ಕರೆಯುವುದು ಇದನ್ನೇ. ಕಾರಿನ ಮೈಮೇಲೆ ಎಲ್ಲಾದರೂ ಟಿ.ಎಚ್. ಎಂಬ ಎರಡು ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುತ್ತವೆ. ಮೂಡುಬಿದಿರೆಯ ಅಂಗಡಿಯಲ್ಲಿ ನೂರೈವತ್ತು ಇನ್ನೂರು ರೂಪಾಯಿಯ ಸಾಲಿನಲ್ಲಿ ಇಂಥದ್ದೊಂದು ಕೈಗೆ ಸಿಕ್ಕಿದರೆ ಆ ಸಂತೋಷವೇ ಬೇರೆ, ಖಂಡಿತ ತೆಗೆದುಕೊಳ್ಳಿ. ಅದನ್ನೇ ಇನ್ನೊಬ್ಬರಿಂದ ಐದಾರು ಸಾವಿರಕ್ಕೆ ಕೊಳ್ಳಬೇಕೇ ಎಂಬುದು ಬೇರೆ ಪ್ರಶ್ನೆ. 'ಲಿಮಿಟೆಡ್ ಎಡಿಷನ್' ಎಂದು ಡಬ್ಬದ ಮೇಲೆ ಬರೆದ ದೊಡ್ಡ ಮಾದರಿಗಳಲ್ಲೂ ಎಚ್ಚರ ಬೇಕು. ಅಚ್ಚು ಕಂಪನಿಯ ಕೈಯಲ್ಲೇ ಇರುತ್ತದೆ. ಎರಡು ವರ್ಷ ಬಿಟ್ಟು ಅದೇ ಕಾರನ್ನು ಬೇರೆ ಬಣ್ಣದಲ್ಲಿ ಬಿಟ್ಟರೆ ಹಳೆಯದರ ಬೇಡಿಕೆ ಇಳಿಯುತ್ತದೆ.

ಮೂರನೆಯ ಬಗೆಯೂ ಉಂಟು. ವಸ್ತು ಬೇಕಾದಷ್ಟಿದೆ, ಪೂರ್ತಿಯಾಗಿ ಉಳಿದದ್ದು ಮಾತ್ರ ಅಪರೂಪ. 1965ರಲ್ಲಿ ಕಾರ್ಗಿ ತಂದ ಜೇಮ್ಸ್ ಬಾಂಡ್‌ನ ಆಸ್ಟನ್ ಮಾರ್ಟಿನ್ ಲಕ್ಷಗಟ್ಟಲೆ ಮಾರಾಟವಾಯಿತು. ಗುಂಡಿ ಒತ್ತಿದರೆ ಮಾಡು ತೆರೆದು ಸೀಟಿನಲ್ಲಿದ್ದ ಪುಟ್ಟ ಮನುಷ್ಯ ಹೊರಗೆ ಹಾರುತ್ತಾನೆ. ಹಾರಿದವನು ಸೋಫಾದ ಕೆಳಗೆ ಹೋಗಿ ಕಳೆದುಹೋದ ಮನೆಗಳೇ ಜಾಸ್ತಿ. ಇವತ್ತು ಆ ಮನುಷ್ಯನೂ ಮೂಲ ಡಬ್ಬವೂ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು.

ನಮ್ಮ ದೇಶದ್ದೇ ಆದ ಒಂದು ಅಧ್ಯಾಯವನ್ನು ಇಲ್ಲಿಯ ಸಂಗ್ರಾಹಕರು ಅಷ್ಟಾಗಿ ಗಮನಿಸಿಲ್ಲ ಎಂಬುದು ನನ್ನ ಬೇಸರ. ಆಮದು ಕಷ್ಟವಾಗಿದ್ದ ಕಾಲದಲ್ಲಿ ಡಿಂಕಿಯ ಹಳೆಯ ಅಚ್ಚುಗಳು ಕಲ್ಕತ್ತಕ್ಕೆ ಬಂದು ಅಲ್ಲಿ ನಿಕ್ಕಿ ಟಾಯ್ಸ್ ಹೆಸರಿನ ಕಾರುಗಳಾದವು. ಮಿಲ್ಟನ್, ಮ್ಯಾಕ್ಸ್‌ವೆಲ್ ಎಂಬ ಹೆಸರುಗಳೂ ಆ ಊರಿನವೇ. ಆಮೇಲೆ ಲಿಯೋ ಮ್ಯಾಟೆಲ್ ಹೆಸರಿನಲ್ಲಿ ಭಾರತದಲ್ಲೇ ಹಾಟ್ ವೀಲ್ಸ್ ತಯಾರಾದವು. ಬೇರೆ ದೇಶಗಳಲ್ಲಿ ಕಾಣದ ಬಣ್ಣಗಳು ಅವುಗಳಲ್ಲಿದ್ದ ಕಾರಣ ಹೊರದೇಶದ ಸಂಗ್ರಾಹಕರು ಇವತ್ತು ಅವನ್ನು ಹುಡುಕುತ್ತಾರೆ. ನಮ್ಮ ಅಟ್ಟಗಳಲ್ಲಿ, ಹಳೆಯ ಟ್ರಂಕುಗಳಲ್ಲಿ ಅವು ಬಣ್ಣ ಕಿತ್ತುಹೋಗಿ ಮಲಗಿವೆ.

ನಿನಗೆ ಅದು ಯಾಕೆ ಬೇಕು

ಹುಡುಗನ ಹತ್ತಿರ ಮತ್ತೆ ಮಾತಾಡಿದ್ದು ಧರ್ಮಸ್ಥಳದಲ್ಲಿ. ದೊಡ್ಡ ಮೊತ್ತ ಕೊಡುವ ಮೊದಲು ಒಮ್ಮೆ ಅಲ್ಲಿಯ ಕಾರು ಸಂಗ್ರಹಾಲಯ ನೋಡು ಎಂದು ನಾನೇ ಒತ್ತಾಯ ಮಾಡಿದ್ದೆ. ಬೆಳ್ತಂಗಡಿ ತಾಲೂಕಿನವರಿಗೆ ಅದು ಕೈಗೆಟಕುವಷ್ಟು ಹತ್ತಿರ. ಹತ್ತಿರವಿದ್ದುದಕ್ಕೋ ಏನೋ, ದರ್ಶನ, ಊಟ ಮುಗಿಸಿ ಹಾಗೆಯೇ ಬಸ್ ಹತ್ತುವವರು ಬಹಳ. 1968ರಲ್ಲಿ ಧರ್ಮಾಧಿಕಾರಿಯಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಹಳೆಯ ಕಾರುಗಳ ಮೇಲಿನ ಪ್ರೀತಿಯಿಂದ ಕೂಡಿಸಿದ ಸಂಗ್ರಹ ಅದು. ಪಕ್ಕದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯಿಂದ ಹಿಡಿದು ಕ್ಯಾಮರಾದವರೆಗೆ ಎಲ್ಲವೂ ಇವೆ. ಮೈಸೂರು ಬೆಂಗಳೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರವಿರುವ 'ಪಯಣ' ಸಂಗ್ರಹಾಲಯದ ಹಿಂದಿರುವುದೂ ಇದೇ ಆಸಕ್ತಿ.

ಮಾದರಿ ಕಾರು ಕೊಳ್ಳುವವರಿಗೆ ನಿಜ ಕಾರುಗಳನ್ನು ನೋಡುವುದು ದೊಡ್ಡ ಪಾಠ. ಬಾನೆಟ್ಟಿನ ಇಳಿಜಾರು, ಹೆಡ್‌ಲೈಟಿನ ಗಾತ್ರ, ಚಕ್ರಕ್ಕೂ ಮಡ್ಗಾರ್ಡಿಗೂ ನಡುವಿನ ಜಾಗ ಇವನ್ನೆಲ್ಲ ಕಣ್ಣಿಗೆ ತುಂಬಿಕೊಂಡು ಬಂದರೆ, ಮಾದರಿಯ ಚಿತ್ರದಲ್ಲಿ ಎಲ್ಲಿ ಅಳತೆ ತಪ್ಪಿದೆ ಎಂದು ತಾನಾಗಿ ಕಾಣುತ್ತದೆ. ಇಪ್ಪತ್ತು ಸಾವಿರದ ಮಾದರಿಯಲ್ಲೂ ಚಕ್ರ ದೊಡ್ಡದಾಗಿ, ಮಾಡು ಚಪ್ಪಟೆಯಾಗಿ ಕೂತದ್ದನ್ನು ಕಂಡಿದ್ದೇನೆ.

ಅಲ್ಲಿ ಕಾರುಗಳ ನಡುವೆ ನಡೆಯುತ್ತಿರುವಾಗ ಅವನು ತನ್ನ ಅಜ್ಜನ ಮಾತು ತೆಗೆದ. ಗುರುವಾಯನಕೆರೆಯಲ್ಲಿ ಅಂಬಾಸಿಡರ್ ಬಾಡಿಗೆ ಓಡಿಸುತ್ತಿದ್ದರಂತೆ. ಹೆರಿಗೆಗೆ, ಮದುವೆಗೆ, ಚಾರ್ಮಾಡಿ ಹತ್ತಿ ಘಟ್ಟದ ಮೇಲಿನ ನೆಂಟರ ಮನೆಗೆ ಎಲ್ಲದಕ್ಕೂ ಅದೇ ಗಾಡಿ. ಹೇಳುತ್ತ ಹೇಳುತ್ತ ಅವನ ದನಿ ಬದಲಾಯಿತು. ಜರ್ಮನ್ ರೇಸ್ ಕಾರಿನ ಬಗ್ಗೆ ಹೇಳುವಾಗ ಆ ದನಿ ಇರಲಿಲ್ಲ.

ಅಂಬಾಸಿಡರ್ ಓಡಿದ್ದು 1958ರಿಂದ 2014ರವರೆಗೆ. ಅದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅಂಬಾಸಿಡರಿಗೂ ಮುಂಚೆ ಅದೇ ಹಿಂದೂಸ್ತಾನ್ ಮೋಟರ್ಸ್ ಮಾಡಿದ ಹಿಂದೂಸ್ತಾನ್ 14 ಎಂಬ ಕಾರು, ಆಕ್ಸ್‌ಫರ್ಡಿನ ಇನ್ನೂ ಹಳೆಯ ರೂಪ. ಆ ಹಳೆಯ ಆಕ್ಸ್‌ಫರ್ಡಿನ ಮಾದರಿಯನ್ನು ಡಿಂಕಿ 1950ರಲ್ಲೇ ಮಾಡಿತ್ತು. ಮೊದಲು 40ಜಿ, ಆಮೇಲೆ 159 ಎಂಬ ನಂಬರು. ಅಂದರೆ ನಮ್ಮ ಅಜ್ಜಂದಿರು ಕೂತ ಕಾರಿಗೆ ಎರಕದ ತಮ್ಮನೊಬ್ಬ ಎಪ್ಪತ್ತೈದು ವರ್ಷದಿಂದ ಎಲ್ಲೋ ಇದ್ದಾನೆ. ಇಂಥ ಗುರುತು ಸಿಕ್ಕ ಮೇಲೆ ದುಡ್ಡು ಹಾಕುವುದಕ್ಕೆ ಅರ್ಥವಿದೆ. ಸಂಗ್ರಹಕ್ಕೆ ಒಂದು ದಿಕ್ಕು ಬರುತ್ತದೆ, ಮನೆಗೆ ಬಂದವರಿಗೆ ಹೇಳಲು ಒಂದು ಕತೆ ಇರುತ್ತದೆ. ಮುಂದೆ ಅದರ ಬೆಲೆ ಇಳಿದರೂ ನಷ್ಟವಾಯಿತೆಂದು ಅನಿಸುವುದಿಲ್ಲ.

ಈ ಪರೀಕ್ಷೆಯನ್ನು ಎಲ್ಲರೂ ಮಾಡಿಕೊಳ್ಳಬಹುದು. ಈ ಕಾರನ್ನು ಇನ್ನು ಯಾರೂ ಎಂದೂ ನನ್ನಿಂದ ಕೊಳ್ಳುವುದಿಲ್ಲ ಎಂದು ಗೊತ್ತಾದರೂ ನನಗೆ ಬೇಕೇ? ಬೇಕು ಎಂದು ಮನಸ್ಸು ತಡವರಿಸದೆ ಹೇಳಿದರೆ ಮುಂದಿನ ಲೆಕ್ಕಕ್ಕೆ ಹೋಗಿ. ಆ ಲೆಕ್ಕದಲ್ಲಿ ಸಾಲ, ಕಂತು, ಕ್ರೆಡಿಟ್ ಕಾರ್ಡ್ ಬೇಡವೇ ಬೇಡ. ತಿಂಗಳಿಗಿಷ್ಟು ಎಂದು ಬೇರೆಯೇ ಎತ್ತಿಟ್ಟ ದುಡ್ಡು ಇರಲಿ, ಅದು ತುಂಬಿದ ದಿನ ಕೊಳ್ಳಿ. ತುಂಬುವವರೆಗಿನ ಆರು ತಿಂಗಳಲ್ಲಿ ಆಸೆ ಇಳಿದರೆ ಅದೂ ಒಳ್ಳೆಯದೇ. ಬೆಲೆಯನ್ನು ಮನೆಯಲ್ಲಿ ಮುಚ್ಚಿಡುವುದು ಸಲ್ಲದು. ಸಾವಿರದೈನೂರು ಎಂದು ಸುಳ್ಳು ಹೇಳಿದ ಕಾರನ್ನು ಹೆಂಡತಿ ನೆಂಟರ ಮಗುವಿಗೆ ಪ್ರೀತಿಯಿಂದ ಆಡಲು ಕೊಟ್ಟರೆ ತಪ್ಪು ಯಾರದ್ದು?

ಅಸಲಿಯೋ, ದುರಸ್ತಿಯದ್ದೋ

ಹಳೆಯ ಮಾದರಿಗಳಲ್ಲಿ ಮೋಸ ನಡೆಯುವುದು ಹೆಚ್ಚಾಗಿ ಬಣ್ಣದಲ್ಲಿ ಮತ್ತು ಡಬ್ಬದಲ್ಲಿ. ಕಾರನ್ನು ಮಗುಚಿ ತಳ ನೋಡಿ. ಮೈಯನ್ನೂ ತಳವನ್ನೂ ಹಿಡಿದಿಟ್ಟ ರಿವೆಟ್ಟಿನ ತಲೆ ನುಣ್ಣಗೆ, ಮುಟ್ಟದಂತೆ ಇರಬೇಕು. ಕೊರೆದ ಗುರುತೋ, ಅಂಟೋ, ಸ್ಕ್ರೂವೋ ಕಂಡರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿದವರು ಬಣ್ಣ ಬಳಿದಿರಬಹುದು, ಚಕ್ರ ಬದಲಿಸಿರಬಹುದು. ಸಾಧಾರಣ ಹಾಟ್ ವೀಲ್ಸ್‌ಗೆ ರಬ್ಬರ್ ಟಯರ್ ಹಾಕಿ 'ಸೂಪರ್' ಎಂದು ಮಾರುವುದು ಹೀಗೆಯೇ. ಎರಕದ ಸಣ್ಣ ಅಕ್ಷರಗಳು ಬಣ್ಣದಲ್ಲಿ ಮುಳುಗಿದ್ದರೆ ಅದು ಎರಡನೇ ಸಲ ಬಳಿದ ಬಣ್ಣ.

ಡಬ್ಬಕ್ಕೆ ಕಾರಿನಷ್ಟೇ ಬೆಲೆ ಇರುವುದರಿಂದ ಹೊಸದಾಗಿ ಮುದ್ರಿಸಿದ ಡಬ್ಬಗಳು ಓಡಾಡುತ್ತವೆ. ಅವನ್ನು ಹೊಸದೆಂದೇ ಹೇಳಿ ಮಾರಿದರೆ ತಪ್ಪಿಲ್ಲ. ಹೇಳದಿದ್ದರೆ ಮೋಸ. ಹಳೆಯ ರಟ್ಟು ಅಂಚಿನಲ್ಲಿ ಮಂಕಾಗಿರುತ್ತದೆ, ಮಡಿಕೆಯಲ್ಲಿ ಸವೆದಿರುತ್ತದೆ. ಅರುವತ್ತು ವರ್ಷದ ಡಬ್ಬದ ಒಳಮೈ ಬೆಳ್ಳಗೆ ಹೊಳೆಯುತ್ತಿದ್ದರೆ ಸಂಶಯಪಡಿ. ಅಯಸ್ಕಾಂತ ಹಿಡಿದು ಪರೀಕ್ಷಿಸುವವರಿದ್ದಾರೆ, ಅದರಿಂದ ಉಪಯೋಗವಿಲ್ಲ. ಡೈಕಾಸ್ಟಿನ ಲೋಹ ಸತುವು, ಅಲ್ಯೂಮಿನಿಯಂ, ಮೆಗ್ನೀಷಿಯಂ, ತಾಮ್ರ ಸೇರಿದ ಝಮಾಕ್. ಅಸಲಿಗೂ ಅಯಸ್ಕಾಂತ ಅಂಟುವುದಿಲ್ಲ.

ಝಮಾಕ್‌ಗೆ ಒಂದು ಕಾಯಿಲೆ ಉಂಟು. ಎರಕದ ಸತುವಿನಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಲೋಹ ಒಳಗಿನಿಂದಲೇ ಬಿರಿಯುತ್ತದೆ, ಊದುತ್ತದೆ, ಕೊನೆಗೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ತೇವ ಅದನ್ನು ಇನ್ನೂ ಬೇಗ ಮಾಡುತ್ತದೆ. 1930ರ ದಶಕದ ಡಿಂಕಿಗಳಲ್ಲಿ ಇದು ಹೆಚ್ಚು. ಇದಕ್ಕೆ ಮದ್ದಿಲ್ಲ. ಬಣ್ಣದ ಮೇಲೆ ಕೂದಲೆಳೆಯಂಥ ಬಿರುಕು, ಬಾಗಿದ ತಳ ಕಂಡರೆ ಎಷ್ಟು ಕಡಿಮೆಗೆ ಕೊಟ್ಟರೂ ನಮ್ಮ ಕರಾವಳಿಗೆ ತರಬೇಡಿ.

ದುಡ್ಡು ಕೊಡುವ ಬಗ್ಗೆ ಎರಡು ಮಾತು. ಮುಂಗಡ ಬುಕಿಂಗ್ ಹೆಸರಿನಲ್ಲಿ ಯುಪಿಐಗೆ ಹಣ ಹಾಕಿಸಿಕೊಂಡು ಮಾಯವಾಗುವವರಿದ್ದಾರೆ. ಇವತ್ತಿನ ದಿನಪತ್ರಿಕೆಯನ್ನು ಪಕ್ಕದಲ್ಲಿಟ್ಟು ಕಾರಿನ ವಿಡಿಯೊ ಕಳಿಸಲು ಕೇಳಿ, ನಿಜವಾಗಿ ಇರುವವನು ಕಳಿಸುತ್ತಾನೆ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಬಿಲ್ ಕೊಡುವ ಅಂಗಡಿಯಿಂದ ಕೊಂಡದ್ದು ಕೆಟ್ಟಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಂಗಡಿ ದಿಲ್ಲಿಯದ್ದಾದರೂ ದೂರನ್ನು ನಿಮ್ಮ ಜಿಲ್ಲೆಯಲ್ಲೇ ಕೊಡಬಹುದು. ಹವ್ಯಾಸಿಯೊಬ್ಬ ತನ್ನ ಕಪಾಟಿನಿಂದ ತೆಗೆದು ಮಾರಿದ್ದಕ್ಕೆ ಈ ರಕ್ಷಣೆ ಸಿಗುವುದು ಕಷ್ಟ, ಅಲ್ಲಿ ಅವನ ಹೆಸರೇ ಆಧಾರ. ಪಾರ್ಸೆಲ್ ಬಿಚ್ಚುವಾಗ ಮೊದಲ ಟೇಪ್ ಕತ್ತರಿಸುವ ಮುನ್ನವೇ ವಿಡಿಯೊ ಶುರುಮಾಡಿ.

ಹೊರದೇಶದಿಂದ ತರಿಸುವುದಾದರೆ ಸುಂಕದ ಲೆಕ್ಕ ಮೊದಲೇ ಹಾಕಬೇಕು. ವ್ಯಾಪಾರಕ್ಕೆ ತರುವ ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಅಂಗಡಿಯಲ್ಲಿ ಬೆಲೆ ಏರಿದ್ದಕ್ಕೆ ಇವು ದೊಡ್ಡ ಕಾರಣ. ಸ್ವಂತಕ್ಕೆ ಕೊರಿಯರಿನಲ್ಲಿ ತರಿಸುವುದಕ್ಕೆ ಲೆಕ್ಕ ಬೇರೆ, ಆದ್ದರಿಂದ ದುಡ್ಡು ಕಟ್ಟುವ ಮುನ್ನ ಕೊರಿಯರಿನವರಿಂದ ಒಟ್ಟು ಎಷ್ಟಾಗುತ್ತದೆಂದು ಬರಹದಲ್ಲಿ ಪಡೆಯಿರಿ. 'ಗಿಫ್ಟ್ ಎಂದು ಬರೆದು ಕಳಿಸುತ್ತೇನೆ' ಎನ್ನುವ ಮಾತಿಗೆ ಒಪ್ಪಬೇಡಿ. ರಾಖಿ ಮತ್ತು ಜೀವರಕ್ಷಕ ಔಷಧ ಬಿಟ್ಟರೆ ಗಿಫ್ಟ್ ಹೆಸರಿನ ಸುಂಕರಹಿತ ಆಮದನ್ನು ಸರಕಾರ 2019ರ ಡಿಸೆಂಬರಿನಲ್ಲೇ ನಿಲ್ಲಿಸಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ನಮ್ಮ ಮೂರೂ ಊರುಗಳಲ್ಲಿ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ. ರಜೆಗೆ ಬರುವ ಬಾವನೋ ಚಿಕ್ಕಪ್ಪನೋ ತಮ್ಮ ಲಗೇಜಿನ ಮಿತಿಯೊಳಗೆ ಬಿಲ್ ಸಮೇತ ತಂದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಡಬ್ಬವನ್ನು ಕೈಚೀಲದಲ್ಲೇ ತರಲು ಹೇಳಿ.

ಮಳೆ ಎಂಬ ಖರ್ಚು

ಬೆಂಗಳೂರಿನ ಸಂಗ್ರಾಹಕರು ಕೊಡುವ ಸಲಹೆಗಳಲ್ಲಿ ಇದೊಂದು ಇರುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಪಾಟಿನ ಬಟ್ಟೆಗೆ, ಚಪ್ಪಲಿಗೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಕಾರಿನ ಡಬ್ಬವೂ ಕಾಗದವೇ.

ನನ್ನ ಕೈಯಲ್ಲೇ ಹಾಳಾದ ಒಂದು ಕಾರಿದೆ. ಆ ಕಾಲದಲ್ಲಿ ನನಗೆ ದೊಡ್ಡದೇ ಆದ ಮೊತ್ತ ಕೊಟ್ಟು ತಂದಿದ್ದೆ. ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹಾಗೇ ಮುಚ್ಚಿಟ್ಟು ಎರಡು ಮಳೆಗಾಲ ತೆರೆಯಲಿಲ್ಲ. ಮುಚ್ಚಿದಷ್ಟೂ ಭದ್ರ ಎಂದುಕೊಂಡಿದ್ದೆ. ಮೂರನೇ ವರ್ಷ ತೆರೆದಾಗ ಮೆತ್ತಗಿನ ಟಯರುಗಳು ತಳಕ್ಕೆ ಅಂಟಿಕೊಂಡಿದ್ದವು, ಕಾರು ಎತ್ತಿದರೆ ನಾಲ್ಕು ಕಪ್ಪು ಕಲೆ ಅಲ್ಲೇ ಉಳಿದವು. ಟಯರನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಕಾಲ ಕಳೆದಂತೆ ಹೊರಗೆ ಒಸರುತ್ತದೆ, ತನ್ನ ಕೆಳಗಿನ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಸೆಕೆ ಮತ್ತು ಗಾಳಿಯಾಡದ ಪೆಟ್ಟಿಗೆ ಸೇರಿದರೆ ಇನ್ನೂ ಬೇಗ. ಅಂದಿನಿಂದ ನಾನು ಬೆಲೆಬಾಳುವ ಕಾರನ್ನು ಟಯರಿನ ಮೇಲೆ ನಿಲ್ಲಿಸುವುದಿಲ್ಲ. ಹೊಟ್ಟೆಯ ಕೆಳಗೆ ಸಣ್ಣ ಆಧಾರ ಕೊಟ್ಟು ಚಕ್ರ ಒಂದು ನೂಲಿನಷ್ಟು ಮೇಲಿರುವಂತೆ ಮಾಡುತ್ತೇನೆ.

ಕಪಾಟಿನ ಜಾಗವೂ ಮುಖ್ಯ. ಕೆಂಪುಕಲ್ಲಿನ ಹೊರಗೋಡೆ ಮಳೆಗಾಲವಿಡೀ ನೀರು ಕುಡಿಯುತ್ತದೆ. ಅದಕ್ಕೆ ಒರಗಿಸಿದ ಕಪಾಟಿನ ಹಿಂಬದಿ ಸದಾ ತಂಪು. ಒಳಗೋಡೆಯ ಪಕ್ಕ, ನಾಲ್ಕು ಬೆರಳು ಬಿಟ್ಟು ಇಡಿ. ದೇವರ ಕೋಣೆಯ ದೀಪದ ಮಸಿ, ಅಗರಬತ್ತಿಯ ಹೊಗೆ, ಅಡುಗೆ ಮನೆಯ ಎಣ್ಣೆಗಾಳಿ ತಾಗದಿರಲಿ. ಅಂಟಿನ ವಾಸನೆ ಹೋಗದ ಹೊಸ ಪ್ಲೈವುಡ್‌ಗಿಂತ ಗಾಜು ಮತ್ತು ಲೋಹದ ಕಪಾಟು ಒಳ್ಳೆಯದು, ಹಸಿ ಮರದ ಹುಳಿಯಾದ ಆವಿ ಸತುವಿಗೆ ಆಗದು. ಒಳಗೆ ಒಂದು ಪುಟ್ಟ ಹೈಗ್ರೋಮೀಟರ್ ಇಡಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತೇವಾಂಶ ಶೇ. 50ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಮಳೆಗಾಲದಲ್ಲಿ ಅದು ತಾನಾಗಿ 85 ದಾಟುತ್ತದೆ. ಸಿಲಿಕಾ ಜೆಲ್ ಚೀಲಗಳನ್ನು ಇಟ್ಟು, ಬಣ್ಣ ಬದಲಾದಾಗ ತೆಗೆದು ಬಿಸಿಮಾಡಿ ಒಣಗಿಸಿ ಮತ್ತೆ ಇಡಬೇಕು. ಒಮ್ಮೆ ಇಟ್ಟು ಮರೆತರೆ ಅದು ಒದ್ದೆ ಚೀಲವಷ್ಟೇ. ನೀಲಿ ಬಣ್ಣದ್ದು ಮಕ್ಕಳ ಕೈಗೆ ಸಿಗದಿರಲಿ. ರಟ್ಟಿನ ಡಬ್ಬಗಳನ್ನು ಬೇರೆ ಪೆಟ್ಟಿಗೆಯಲ್ಲಿ, ಕಾಗದ ತಿನ್ನುವ ಬೆಳ್ಳಿಹುಳ ಸೇರದಂತೆ ಇಡಬೇಕು. ಬಿಸಿಲು ನೇರ ಬೀಳುವ ಕಿಟಕಿ ಬೇಡ, ಕೆಂಪು ಬಣ್ಣ ಬೇಗ ಮಾಸುತ್ತದೆ.

ನೇತ್ರಾವತಿ ದಡದ ಬಂಟ್ವಾಳ ಪೇಟೆಯವರಿಗೆ 1923ರ, 1974ರ ನೆರೆಯ ಕತೆ ಮನೆಮನೆಯಲ್ಲಿ ಗೊತ್ತು. ಬೆಳ್ತಂಗಡಿಯ ಚಾರ್ಮಾಡಿ ಕಡೆಯವರು 2019ರ ಆಗಸ್ಟನ್ನು ಮರೆಯಲಾರರು. ತಗ್ಗಿನ ಮನೆಯವರು ಕೆಳಗಿನ ಎರಡು ಅರೆಗಳನ್ನು ಖಾಲಿ ಬಿಡಿ. ಮನೆ ವಿಮೆ ಇದ್ದರೆ ಬೆಲೆಬಾಳುವ ಸಂಗ್ರಹವನ್ನು ಪ್ರತ್ಯೇಕವಾಗಿ ಬರೆಸಲು ಸಾಧ್ಯವೇ ಎಂದು ಕೇಳಿ, ಬಿಲ್ಲು ಮತ್ತು ಚಿತ್ರಗಳ ಒಂದು ಪ್ರತಿ ಮನೆಯ ಹೊರಗೆ ಇರಲಿ. ಇನ್ನೂ ಒಂದು ಮಾತು, ಜೂನ್, ಜುಲೈ, ಆಗಸ್ಟಿನಲ್ಲಿ ಪಾರ್ಸೆಲ್ ತರಿಸಬೇಡಿ. ಹಳ್ಳಿಗಳಿಗೆ ಬರುವ ಪೊಟ್ಟಣ ಉಜಿರೆಯಲ್ಲೋ ಬೆಳ್ತಂಗಡಿಯಲ್ಲೋ ದಿನಗಟ್ಟಲೆ ಕೂತು ಒದ್ದೆಯಾಗಿ ಬಂದರೆ ಡಬ್ಬದ ಬೆಲೆ ಅಲ್ಲಿಗೇ ಹೋಯಿತು. ದೀಪಾವಳಿ ಕಳೆಯಲಿ, ಬೇಸಗೆಯ ಪೊಳಲಿ ಜಾತ್ರೆಯ ಚೆಂಡಿನೊಳಗೆ ತರಿಸಿಕೊಳ್ಳಿ.

ಕಪಾಟು, ಮೀಟರ್, ಜೆಲ್ ಎಲ್ಲ ಸೇರಿ ನಾಲ್ಕೈದು ಸಾವಿರವಾದರೂ ಬೇಕು. ಇಪ್ಪತ್ತೆರಡು ಸಾವಿರ ಕೈಯಲ್ಲಿರುವವರು ಹದಿನೇಳು ಸಾವಿರದ ಕಾರನ್ನೇ ನೋಡಬೇಕೆಂದು ನಾನು ಹೇಳುವುದು ಅದಕ್ಕೆ.

ಆ ಹುಡುಗ ಮರುದಿನ ಸಂಜೆಯೊಳಗೆ ಅಡ್ವಾನ್ಸ್ ಹಾಕಲಿಲ್ಲ. ಎರಡು ತಿಂಗಳ ನಂತರವೂ ಅದೇ ಕಾರು, ಅದೇ ಚಿತ್ರ, ಮಾರಾಟಕ್ಕೆ ಹಾಗೇ ಇತ್ತು. ಅವನು ಈಗ 1:43ರ ಅಂಬಾಸಿಡರ್ ಟ್ಯಾಕ್ಸಿಯೊಂದನ್ನು ಹುಡುಕುತ್ತಿದ್ದಾನೆ. ಹತ್ತು ಸೆಂಟಿಮೀಟರಿನ ಕಾರು, ಅಷ್ಟೇನೂ ದುಬಾರಿಯಲ್ಲ. ಅಜ್ಜನ ಲೈಸೆನ್ಸಿನ ಪಕ್ಕ ಇಡಲು ಜಾಗ ಮಾಡಿಟ್ಟಿದ್ದಾನೆ.

ಓದುಗರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಅಟ್ಟದಲ್ಲೋ ಟ್ರಂಕಿನಲ್ಲೋ ಅಪ್ಪ, ಮಾವ, ದೊಡ್ಡಪ್ಪ ಆಡಿದ ಲೋಹದ ಕಾರು ಸಿಕ್ಕಿದರೆ ಸೋಪು ಹಾಕಿ ತೊಳೆಯಬೇಡಿ, ಹೊಸ ಬಣ್ಣ ಬಳಿಯಬೇಡಿ, ಗುಜರಿಗೆ ಹಾಕಬೇಡಿ. ಮೆತ್ತಗಿನ ಬ್ರಷ್ಷಿನಿಂದ ಧೂಳು ತೆಗೆದು, ಮಗುಚಿ, ತಳದಲ್ಲಿ ಬರೆದಿರುವ ಹೆಸರು ಓದಿ. ನಿಕ್ಕಿ, ಮಿಲ್ಟನ್, ಮ್ಯಾಕ್ಸ್‌ವೆಲ್, ಲಿಯೋ ಎಂದಿದ್ದರೆ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಡಿ. ಅದನ್ನು ಯಾರು ತಂದರು, ಯಾವ ಜಾತ್ರೆಯಿಂದ ತಂದರು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.